ಮಾಮೂಲಿ ಗಾಳಿಯೋ, ನೈಟ್ರಾಕ್ಸೋ? ನೀರಿಗಿಳಿಯುವ ಮುನ್ನ ಹಾಕಬೇಕಾದ ಲೆಕ್ಕ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೋಗುವ ದೋಣಿಯಲ್ಲಿ ಒಂದು ಮಾತು ಪ್ರತಿ ಸಲವೂ ಕಿವಿಗೆ ಬೀಳುತ್ತದೆ: "ಈ ಆಕ್ಸಿಜನ್ ಸಿಲಿಂಡರ್ ಎಷ್ಟು ಭಾರ ಮಾರಾಯ!" ಪೇಪರಿನವರೂ ಹಾಗೇ ಬರೆಯುತ್ತಾರೆ. ಆದರೆ ಅದರಲ್ಲಿ ಇರುವುದು ಬರೀ ಗಾಳಿ. ನಾವು ದಿನಾ ಉಸಿರಾಡುವ ಗಾಳಿಯನ್ನೇ ಸೋಸಿ, ತೇವ ತೆಗೆದು, ಸುಮಾರು 200 ಬಾರ್ ಒತ್ತಡದಲ್ಲಿ ತುರುಕಿರುತ್ತಾರೆ. ಅದರಲ್ಲಿ ಆಕ್ಸಿಜನ್ ನೂರಕ್ಕೆ 21 ಪಾಲು. ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ನೈಟ್ರೋಜನ್.

ನೈಟ್ರಾಕ್ಸ್ ಅಂದರೆ ಅದೇ ಗಾಳಿ, ಆಕ್ಸಿಜನ್ ಪಾಲು ಸ್ವಲ್ಪ ಜಾಸ್ತಿ. ಸಾಮಾನ್ಯವಾಗಿ 32, ಕೆಲವೊಮ್ಮೆ 36. ಆಕ್ಸಿಜನ್ ಹೆಚ್ಚಾದಷ್ಟು ನೈಟ್ರೋಜನ್ ಕಡಿಮೆ. ನಮಗೆ ಬೇಕಿರುವುದು ಆ ಕಡಿಮೆ ನೈಟ್ರೋಜನ್ನೇ. ಹೆಸರು ಕೇಳಿದರೆ ರೇಸ್ ಬೈಕಿನ ಇಂಧನದ ಹಾಗಿದೆ, ಆದರೆ ಕುಡಿದ ಹಾಗೆ ಅಮಲೂ ಬರುವುದಿಲ್ಲ, ಮೀನಿನ ಹಾಗೆ ಈಜುವ ಶಕ್ತಿಯೂ ಬರುವುದಿಲ್ಲ.

ನನಗೆ ಪದೇ ಪದೇ ಬರುವ ಪ್ರಶ್ನೆ ಇದು: "ಅಂಡಮಾನಿಗೆ ಹೊರಟಿದ್ದೇವೆ. ಅಡ್ವಾನ್ಸ್ಡ್ ಕೋರ್ಸ್ ಜೊತೆಗೆ ನೈಟ್ರಾಕ್ಸ್ ಕೂಡ ಮಾಡಿಬಿಡಿ ಅಂತಿದ್ದಾರೆ. ಮಾಡಬೇಕಾ, ಸುಮ್ನೆ ದುಡ್ಡು ದಂಡಾನಾ?" ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಆದರೆ ಮಾಡಿದ ಡೈವ್‌ಗಳನ್ನೆಲ್ಲ ಬರೆದಿಟ್ಟ ನಿಮ್ಮದೇ ಲಾಗ್ ಬುಕ್ ತೆರೆದು ಕೂತರೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಯಾವುದನ್ನು ತೂಗಬೇಕು

ನಾನು ನೋಡುವುದು ಐದು ವಿಷಯ. ಎಷ್ಟು ಆಳಕ್ಕೆ ಹೋಗುತ್ತೀರಿ. ದಿನಕ್ಕೆ ಎಷ್ಟು ಡೈವ್, ಎಷ್ಟು ದಿನ. ನಿಮ್ಮ ಸಿಲಿಂಡರ್ ಎಷ್ಟು ಬೇಗ ಖಾಲಿಯಾಗುತ್ತದೆ. ಜೊತೆಯವರು ಏನು ಉಸಿರಾಡುತ್ತಾರೆ. ಕೊನೆಗೆ, ಎಷ್ಟು ಖರ್ಚು. ಇವುಗಳಲ್ಲಿ ಮೂರನೆಯದನ್ನೇ ಜನ ಮರೆಯುವುದು. ನನ್ನ ಪ್ರಕಾರ ಅದೇ ಮುಖ್ಯ.

ಯಾಕೆ ಅಂದರೆ, ನೀರಿನೊಳಗೆ ನಮ್ಮ ಜೊತೆ ಎರಡು ಗಡಿಯಾರ ಓಡುತ್ತಿರುತ್ತವೆ. ಒಂದು ಬೆನ್ನ ಮೇಲೆ, ಸಿಲಿಂಡರಿನ ಮೀಟರ್. ಇನ್ನೊಂದು ಮೈಯೊಳಗೆ. ಆಳಕ್ಕೆ ಹೋದಷ್ಟೂ ಒತ್ತಡಕ್ಕೆ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ, ಮೂಳೆಸಂದಿನಲ್ಲಿ ಕರಗುತ್ತಾ ಹೋಗುತ್ತದೆ. ಅದು ಜಾಸ್ತಿಯಾಗಿ, ನೀವು ಮೇಲೆ ಬಂದುಬಿಟ್ಟರೆ, ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ. ಗುಳ್ಳೆ ಏಳುತ್ತದೆ. ಅದನ್ನೇ ಬೆಂಡ್ಸ್ ಅನ್ನುವುದು. ಹಾಗಾಗದಂತೆ ಪ್ರತಿ ಆಳಕ್ಕೂ ಒಂದು ಸಮಯದ ಮಿತಿ ಇದೆ. ಆ ಮಿತಿಯೊಳಗೆ ಇದ್ದರೆ ದಾರಿಯಲ್ಲಿ ಕಡ್ಡಾಯವಾಗಿ ನಿಲ್ಲದೆ ನೇರ ಮೇಲೆ ಬರಬಹುದು. 5 ಮೀಟರಿನಲ್ಲಿ 3 ನಿಮಿಷ ನಿಲ್ಲುತ್ತೇವಲ್ಲ, ಆ ಸೇಫ್ಟಿ ಸ್ಟಾಪ್ ಮುನ್ನೆಚ್ಚರಿಕೆಗೆ ಮಾತ್ರ.

ನೈಟ್ರಾಕ್ಸ್ ನಿಧಾನ ಮಾಡುವುದು ಈ ಎರಡನೆಯ ಗಡಿಯಾರವನ್ನು ಮಾತ್ರ. ಮೊದಲನೆಯದನ್ನು ಮುಟ್ಟುವುದೂ ಇಲ್ಲ. ನಿಮ್ಮ ಡೈವ್ ಯಾವಾಗಲೂ ಮೊದಲನೆಯ ಗಡಿಯಾರದಿಂದಲೇ ಮುಗಿಯುತ್ತಿದ್ದರೆ, ನೈಟ್ರಾಕ್ಸ್ ತುಂಬಿಸಿಕೊಂಡರೂ ಒಂದು ನಿಮಿಷ ಜಾಸ್ತಿ ಸಿಗುವುದಿಲ್ಲ.

ಒಂದೇ ದೋಣಿ, ಇಬ್ಬರು ಡೈವರ್

ಅಂಕಿ ಹಾಕಿ ನೋಡೋಣ. ನಮ್ಮಲ್ಲಿ ಬಾಡಿಗೆಗೆ ಸಿಗುವ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 11 ಲೀಟರಿನದ್ದು. 200 ಬಾರ್ ತುಂಬಿ, 50 ಬಾರ್ ಉಳಿಸಿ ಮೇಲೆ ಬರಬೇಕು ಅಂದರೆ ಕೈಗೆ ಸಿಗುವುದು ಸುಮಾರು 1,650 ಲೀಟರ್ ಗಾಳಿ.

ಹೊಸ ಡೈವರ್ ನಿಮಿಷಕ್ಕೆ 20 ಲೀಟರ್ ಎಳೆಯುತ್ತಾನೆ ಅಂದುಕೊಳ್ಳಿ. ಇದು ನೀರಿನಿಂದ ಹೊರಗಿದ್ದಾಗಿನ ಲೆಕ್ಕ. 25 ಮೀಟರಿನಲ್ಲಿ ಒತ್ತಡ ಮೂರೂವರೆ ಪಟ್ಟು, ಹಾಗಾಗಿ ನಿಮಿಷಕ್ಕೆ 70 ಲೀಟರ್. ಸಿಲಿಂಡರ್ 23–24 ನಿಮಿಷಕ್ಕೆ ಮುಗಿಯಿತು. ಡೈವಿಂಗ್ ಕಲಿಸುವ ಸಂಸ್ಥೆ ಪ್ಯಾಡಿಯ (PADI) ಟೇಬಲ್ ಪ್ರಕಾರ 25 ಮೀಟರಿನಲ್ಲಿ ಮಾಮೂಲಿ ಗಾಳಿಗೆ ಸಿಗುವ ಮಿತಿ 29 ನಿಮಿಷ. ಅಂದರೆ ನೈಟ್ರೋಜನ್ ಮಿತಿ ಮುಟ್ಟುವ ಮೊದಲೇ ಗಾಳಿ ಖಾಲಿ. ಈತನಿಗೆ ನೈಟ್ರಾಕ್ಸ್ ಯಾಕೆ?

ಪಕ್ಕದಲ್ಲಿ ಇನ್ನೂರು ಡೈವ್ ಮಾಡಿದ ಒಬ್ಬಳಿದ್ದಾಳೆ. ಕೈ ಬೀಸುವುದಿಲ್ಲ, ಗಡಿಬಿಡಿಯಿಲ್ಲ, ನಿಮಿಷಕ್ಕೆ 12 ಲೀಟರ್ ಸಾಕು. ಅವಳ ಸಿಲಿಂಡರ್ ಅದೇ 25 ಮೀಟರಿನಲ್ಲಿ 39 ನಿಮಿಷ ಬರುತ್ತದೆ. ಆದರೆ ಮಾಮೂಲಿ ಗಾಳಿಯಲ್ಲಿ 29 ನಿಮಿಷಕ್ಕೆ ಡೈವ್ ಕಂಪ್ಯೂಟರ್ (ಆಳ, ಸಮಯದ ಲೆಕ್ಕ ಇಡುವ ಪುಟ್ಟ ಯಂತ್ರ) ಮೇಲೆ ಹೋಗು ಅನ್ನುತ್ತದೆ. ಹತ್ತು ನಿಮಿಷದ ಗಾಳಿ ಬೆನ್ನ ಮೇಲೆ ಸುಮ್ನೆ ಉಳಿಯಿತು. 32ರ ನೈಟ್ರಾಕ್ಸ್ ಹಾಕಿದರೆ ಆ 25 ಮೀಟರ್ ಅವಳ ಮೈಗೆ ಮಾಮೂಲಿ ಗಾಳಿಯ 20 ಮೀಟರಿನಷ್ಟೇ ಭಾರ. ಮಿತಿ 45 ನಿಮಿಷದ ಹತ್ತಿರ. ಈಗ ಗಾಳಿ ಪೂರ್ತಿ ಬಳಸಬಹುದು.

ಒಂದೇ ಡೈವ್ ಸೈಟ್, ಒಂದೇ ದೋಣಿ. ಒಬ್ಬರಿಗೆ ದಂಡ, ಒಬ್ಬರಿಗೆ ಲಾಭ. (ಇಳಿಯುವಾಗ, ಏರುವಾಗ ಆಗುವ ಖರ್ಚನ್ನು ನಾನು ಬಿಟ್ಟಿದ್ದೇನೆ. ನೀರಿನಲ್ಲಿ ಯಾರೂ ಒಂದೇ ಆಳದಲ್ಲಿ ಕೂರುವುದಿಲ್ಲ ಅನ್ನುವುದೂ ನಿಜ. ಹೋಲಿಸುವುದಕ್ಕೆ ಇಷ್ಟು ಸಾಕು.)

ನಿಮ್ಮ ಲಾಗ್ ಬುಕ್ಕಿನ ಕೊನೆಯ ಹತ್ತು ಡೈವ್ ನೋಡಿ. ಮೇಲೆ ಬರಲು ಕಾರಣ ಏನಿತ್ತು? 60 ಬಾರ್ ತೋರಿಸುತ್ತಿದ್ದ ಮೀಟರೋ, ಅಥವಾ 3 ನಿಮಿಷ ಮಾತ್ರ ಉಳಿದಿದೆ ಅನ್ನುತ್ತಿದ್ದ ಕಂಪ್ಯೂಟರೋ? ಹತ್ತರಲ್ಲಿ ಎಂಟು ಸಲ ಮೀಟರ್ ಆಗಿದ್ದರೆ ನೈಟ್ರಾಕ್ಸ್ ಕೋರ್ಸಿನ ದುಡ್ಡನ್ನು ತೇಲುವಿಕೆ ಸರಿಪಡಿಸಿಕೊಳ್ಳುವುದಕ್ಕೆ, ಇನ್ನೊಂದಿಷ್ಟು ಡೈವ್ ಮಾಡುವುದಕ್ಕೆ ಹಾಕಿ. ಉಸಿರು ತಾನಾಗಿ ಹದಕ್ಕೆ ಬರುತ್ತದೆ.

ಮಾಮೂಲಿ ಗಾಳಿ: ಬಡವರ ಆಯ್ಕೆ ಏನಲ್ಲ

ಗಾಳಿಯ ದೊಡ್ಡ ಗುಣ, ಅದು ಎಲ್ಲ ಕಡೆ ಸಿಗುತ್ತದೆ, ಬೇರೆ ದುಡ್ಡಿಲ್ಲ, ಬೇರೆ ಸರ್ಟಿಫಿಕೇಟ್ ಬೇಡ. ಮೊದಲ ಸಲ ಇನ್‌ಸ್ಟ್ರಕ್ಟರ್ ಕೈ ಹಿಡಿದು 12 ಮೀಟರಿನೊಳಗೆ ಇಳಿಯುವವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ. 12 ಮೀಟರಿನಲ್ಲಿ ಗಾಳಿಯ ಮಿತಿ 147 ನಿಮಿಷ. ಅಷ್ಟು ಹೊತ್ತು ನೀರಿನಲ್ಲಿದ್ದರೆ ಬೆರಳೆಲ್ಲ ಒಣದ್ರಾಕ್ಷಿ ಆಗಿರುತ್ತದೆ, ಸಿಲಿಂಡರ್ ಯಾವತ್ತೋ ಮುಗಿದಿರುತ್ತದೆ.

ಓಪನ್ ವಾಟರ್ ಕಾರ್ಡ್, ಅಂದರೆ ಮೊದಲ ಹಂತದ ಸರ್ಟಿಫಿಕೇಟ್, ಇರುವವರ ಮಿತಿ 18 ಮೀಟರ್. ಅಲ್ಲಿ ಗಾಳಿಗೆ 56 ನಿಮಿಷ, 32ಕ್ಕೆ ಸುಮಾರು 95. ಅಂತರ ದೊಡ್ಡದಾಗಿ ಕಾಣುತ್ತದೆ, ಅಲ್ವಾ? ಆದರೆ ನಿಮಿಷಕ್ಕೆ 12 ಲೀಟರ್ ಎಳೆಯುವ ಆ ಹಳೆಯ ಕೈಗೂ 18 ಮೀಟರಿನಲ್ಲಿ ಸಿಲಿಂಡರ್ 50 ನಿಮಿಷವೇ ಬರುವುದು. 95 ನಿಮಿಷ ತೆಗೆದುಕೊಂಡು ಏನು ಮಾಡುವುದು? ನೇತ್ರಾಣಿಯಲ್ಲಿ ನಾವು ಸಾಮಾನ್ಯವಾಗಿ ಹೋಗುವುದು 20 ಮೀಟರಿನೊಳಗೆ, ದಿನಕ್ಕೆ ಎರಡು ಡೈವ್. ಅಲ್ಲಿಗೆ ನೈಟ್ರಾಕ್ಸ್ ಬೇಕೇ ಬೇಕು ಅನ್ನಿಸಿದ್ದು ನನಗಂತೂ ಒಂದು ಸಲವೂ ಇಲ್ಲ. ಗೋವಾದ ಗ್ರ್ಯಾಂಡ್ ಐಲ್ಯಾಂಡ್ ಇನ್ನೂ ಕಡಿಮೆ ಆಳ.

ಇನ್ನೊಂದು ತುದಿಯಲ್ಲೂ ಗಾಳಿಯೇ ಗೆಲ್ಲುತ್ತದೆ. ಡೀಪ್ ಕೋರ್ಸ್ ಮಾಡಿ 35–40 ಮೀಟರಿಗೆ ಹೋಗುವವರು 32 ಹಾಕುವ ಹಾಗಿಲ್ಲ. ಕಾರಣ ಈಗ ಹೇಳುತ್ತೇನೆ.

ನೈಟ್ರಾಕ್ಸಿನ ಬೆಲೆ ದುಡ್ಡಿನಲ್ಲಿ ಮಾತ್ರ ಇಲ್ಲ

ಆಕ್ಸಿಜನ್ ಒಳ್ಳೆಯದು ತಾನೇ, ಜಾಸ್ತಿಯಾದರೆ ಏನು ಅನ್ನುತ್ತಾರೆ. ಅತಿಯಾದರೆ ಅಮೃತವೂ ವಿಷ ಅನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ. ಒತ್ತಡದಲ್ಲಿ ಆಕ್ಸಿಜನ್ ಮಿದುಳಿನ ಮೇಲೆ ವಿಷದಂತೆ ಕೆಲಸ ಮಾಡುತ್ತದೆ. ಕಣ್ಣು ಮಂಜಾಗುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ವಾಕರಿಕೆ, ತುಟಿ ಅದುರುವುದು, ಕೊನೆಗೆ ಫಿಟ್ಸ್. ಎಷ್ಟೋ ಸಲ ಮುಂಚಿನ ಲಕ್ಷಣ ಯಾವುದೂ ಇಲ್ಲದೆ ನೇರ ಫಿಟ್ಸ್. ನೆಲದ ಮೇಲೆ ಫಿಟ್ಸ್ ಬಂದರೆ ಎದ್ದು ಕೂರಬಹುದು. 30 ಮೀಟರ್ ನೀರಿನಡಿ ಬಾಯಿಂದ ಉಸಿರಾಟದ ರೆಗ್ಯುಲೇಟರ್ ಜಾರಿದರೆ ಮುಳುಗಿ ಸಾಯುವುದೇ.

ಅದಕ್ಕೇ ಮನರಂಜನೆಯ ಡೈವಿಂಗಿನಲ್ಲಿ ಆಕ್ಸಿಜನ್ನಿನ ಪಾಲಿನ ಒತ್ತಡ (ಒಟ್ಟು ಒತ್ತಡದಲ್ಲಿ ಆಕ್ಸಿಜನ್ ಒಂದರದ್ದೇ ಪಾಲು) 1.4 ಬಾರ್ ದಾಟಬಾರದು ಅನ್ನುವ ನಿಯಮ. 1.6 ಅನ್ನುವುದು ತುರ್ತಿಗೆ ಇಟ್ಟ ಗಡಿ, ಪ್ಲ್ಯಾನ್ ಮಾಡಿ ಹೋಗುವ ಜಾಗವಲ್ಲ. ಈ 1.4ರ ಲೆಕ್ಕದಲ್ಲಿ 32ರ ಸಿಲಿಂಡರಿಗೆ ಗರಿಷ್ಠ ಆಳ 33 ಮೀಟರ್. 36ಕ್ಕೆ 28 ಮೀಟರ್. ಮಾಮೂಲಿ ಗಾಳಿಯಲ್ಲಿ 56 ಮೀಟರ್ ಆಳದವರೆಗೂ ಆ ಗಡಿ ಎದುರಾಗುವುದಿಲ್ಲ, ಅಂದರೆ 40 ಮೀಟರಿನ ಮನರಂಜನಾ ಮಿತಿಯೊಳಗೆ ಆ ಚಿಂತೆಯೇ ಇಲ್ಲ.

ನೈಟ್ರಾಕ್ಸ್ ಇದ್ದರೆ ಇನ್ನೂ ಆಳಕ್ಕೆ ಹೋಗಬಹುದು ಎಂದು ತಿಳಿದವರು ತುಂಬಾ ಜನ. ಪೂರ್ತಿ ಉಲ್ಟಾ. ಮಾಮೂಲಿ ಗಾಳಿಯಲ್ಲಿ ಆಳ ತಪ್ಪಿ ಐದು ಮೀಟರ್ ಕೆಳಗೆ ಹೋದರೆ ಸಮಯ ಕಡಿಮೆಯಾಗುತ್ತದೆ, ಅಷ್ಟೇ. ನೈಟ್ರಾಕ್ಸಿನಲ್ಲಿ ಆ ತಪ್ಪಿಗೆ ಕ್ಷಮೆ ಕಡಿಮೆ. ಕೆಳಗೆ ನೆಲ ಕಾಣದ ಗೋಡೆಯಂಥ ಸೈಟ್, ಮೇಲೆ ಕೆಳಗೆ ಎಳೆಯುವ ಕರೆಂಟ್, ಜೊತೆಗೆ ತೇಲುವಿಕೆ ಇನ್ನೂ ಹದಕ್ಕೆ ಬರದ ಡೈವರ್. ಈ ಮೂರು ಸೇರಿದರೆ ನಾನು ಗಾಳಿಯೇ ಸಾಕು ಅನ್ನುತ್ತೇನೆ.

ಇದರ ಜೊತೆ ಪ್ರತಿ ಸಿಲಿಂಡರನ್ನೂ ನೀವೇ ಅಳೆಯಬೇಕು. ಅನಲೈಸರ್ ಅನ್ನುವ ಪುಟ್ಟ ಯಂತ್ರವನ್ನು ಮೊದಲು ಹೊರಗಿನ ಗಾಳಿಗೆ ಹಿಡಿದು 20.9ಕ್ಕೆ ಹೊಂದಿಸಿ, ಆಮೇಲೆ ಸಿಲಿಂಡರಿಗೆ ಹಿಡಿಯುವುದು. ಬಂದ ಅಂಕಿ, ಗರಿಷ್ಠ ಆಳ, ತಾರೀಖು, ನಿಮ್ಮ ಹೆಸರು, ಎಲ್ಲ ಟೇಪಿನ ಮೇಲೆ ಬರೆದು ಅಂಟಿಸುವುದು. ಒಮ್ಮೆ ನನಗೆ 32 ಎಂದು ಕೊಟ್ಟ ಸಿಲಿಂಡರ್ 34.6 ತೋರಿಸಿತ್ತು. ಎರಡೂವರೆ ಪಾಲು ತಾನೇ ಅನ್ನಬೇಡಿ. ಗರಿಷ್ಠ ಆಳ 33ರಿಂದ 30ಕ್ಕೆ ಇಳಿಯಿತು, ಅವತ್ತಿನ ಸೈಟ್ 31 ಮೀಟರಿನದ್ದು. ಆ ಅಂಕಿಯನ್ನು ಕಂಪ್ಯೂಟರಿಗೂ ಹಾಕಬೇಕು. ಅದನ್ನು ಮರೆತು ನೀರಿಗಿಳಿದ ಪ್ರಸಂಗವೂ ನನ್ನ ಖಾತೆಯಲ್ಲಿದೆ. ಕಂಪ್ಯೂಟರ್ 21 ಎಂದೇ ತಿಳಿದಿತ್ತು, ಇಪ್ಪತ್ತು ನಿಮಿಷಕ್ಕೇ ಗಲಾಟೆ ಶುರು ಮಾಡಿತು. ದುಡ್ಡು ಕೊಟ್ಟದ್ದು ನೈಟ್ರಾಕ್ಸಿಗೆ, ಸಿಕ್ಕಿದ್ದು ಗಾಳಿಯ ಸಮಯ.

ಹಾಗಿದ್ದರೂ ಯಾರಿಗೆ ಲಾಭ

20ರಿಂದ 30 ಮೀಟರ್. ಈ ಪಟ್ಟಿಯೊಳಗೇ ನೈಟ್ರಾಕ್ಸಿನ ರಾಜ್ಯ. 22 ಮೀಟರಿನಲ್ಲಿ ಗಾಳಿಗೆ 37 ನಿಮಿಷ, 32ಕ್ಕೆ 55ರ ಆಸುಪಾಸು. 30 ಮೀಟರಿನಲ್ಲಿ ಗಾಳಿಗೆ 20, ನೈಟ್ರಾಕ್ಸಿಗೆ 30ರ ಹತ್ತಿರ. ಸ್ವರಾಜ್ ದ್ವೀಪದ, ಅಂದರೆ ಹಳೆಯ ಹ್ಯಾವ್‌ಲಾಕಿನ, ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ತರಹದ ಸೈಟ್‌ಗಳು ಬೀಳುವುದು ಸರಿಯಾಗಿ ಈ ಆಳಕ್ಕೆ. ಅದೇ ದ್ವೀಪದ ನೀಮೋ ರೀಫಿಗೆ ಇಳಿಯುವುದಾದರೆ ಗಾಳಿ ಧಾರಾಳ.

ಒಂದು ಡೈವಿನ ಲೆಕ್ಕಕ್ಕಿಂತ ಐದು ದಿನದ ಲೆಕ್ಕ ದೊಡ್ಡದು. ಬೆಳಗಿನ ಡೈವಿನ ನೈಟ್ರೋಜನ್ ಪೂರ್ತಿ ಹೊರಗೆ ಹೋಗಿರುವುದಿಲ್ಲ, ಅಷ್ಟರಲ್ಲಿ ಎರಡನೆಯದು, ಮಧ್ಯಾಹ್ನಕ್ಕೆ ಮೂರನೆಯದು. ಸಾಲ ತೀರಿಸದೆ ಮತ್ತೆ ಸಾಲ ಮಾಡಿದ ಹಾಗೆ. ಪ್ರತಿ ಸಲ ಮಿತಿ ಕಿರಿದಾಗುತ್ತಾ ಬರುತ್ತದೆ. ಮಾಲ್ಡೀವ್ಸಿನಲ್ಲಿ ದೋಣಿಯಲ್ಲೇ ವಾಸ ಮಾಡಿ ದಿನಕ್ಕೆ ಮೂರು ನಾಲ್ಕು ಡೈವ್ ಮಾಡುವವರಿಗೆ ನೈಟ್ರಾಕ್ಸ್ ಸುಖಕ್ಕೆ ಅಂತಲ್ಲ, ಹೆಚ್ಚುಕಡಿಮೆ ಅಗತ್ಯ. ಅಲ್ಲಿ ಪ್ರವಾಸಿ ಡೈವರ್‌ಗಳ ಮಿತಿ 30 ಮೀಟರ್. 32ರ ಸಿಲಿಂಡರಿಗೆ ಹೇಳಿ ಮಾಡಿಸಿದ ಆಳ. ಕಾರ್ಡ್ ಇದ್ದವರಿಗೆ ನೈಟ್ರಾಕ್ಸನ್ನು ಬೇರೆ ದುಡ್ಡಿಲ್ಲದೆ ಕೊಡುವ ಎಷ್ಟೋ ರೆಸಾರ್ಟ್‌ಗಳೂ ಅಲ್ಲಿವೆ. ಹಾಗಿದ್ದರೆ ಕೋರ್ಸನ್ನು ಊರಲ್ಲೇ ಮುಗಿಸಿಕೊಂಡು ಹೋಗುವುದು ಜಾಣತನ.

ಫೋಟೋ ತೆಗೆಯುವವರನ್ನು ಪ್ರತ್ಯೇಕ ಹೇಳಬೇಕು. ಒಂದು ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು) ಮುಂದೆ ಹದಿನೈದು ನಿಮಿಷ ಅಲುಗಾಡದೆ ಕೂರುವ ಜಾತಿ ಅದು. ಉಸಿರು ಕಡಿಮೆ, ಆಳ ಬದಲಾಗುವುದಿಲ್ಲ. ಅವರ ಮೈಯೊಳಗಿನ ಗಡಿಯಾರವೇ ಮೊದಲು ಬಡಿಯುವುದು.

ಇನ್ನೊಂದು ಗುಂಪಿದೆ. ಐವತ್ತು ದಾಟಿದವರು, ಮೈ ಸ್ವಲ್ಪ ದಪ್ಪ ಇರುವವರು, ಅಪಾಯವನ್ನು ಇನ್ನಷ್ಟು ಕಡಿಮೆ ಮಾಡಿಕೊಳ್ಳಬೇಕು ಅನ್ನುವವರು. ಇವರಲ್ಲಿ ಕೆಲವರು ನೈಟ್ರಾಕ್ಸ್ ಉಸಿರಾಡಿ, ಕಂಪ್ಯೂಟರನ್ನು ಗಾಳಿಗೇ ಇಟ್ಟು, ಗಾಳಿಯ ಸಮಯಕ್ಕೇ ಮೇಲೆ ಬರುತ್ತಾರೆ. ಮೈಯಲ್ಲಿ ನೈಟ್ರೋಜನ್ ಕಡಿಮೆ ಸೇರುತ್ತದೆ, ಅಷ್ಟರಮಟ್ಟಿಗೆ ಲಾಭ. ನನಗೆ ಈ ಉಪಾಯ ಇಷ್ಟ, ಆದರೆ ಒಂದು ತೊಡಕಿದೆ. ಗಾಳಿ ಎಂದುಕೊಂಡಿರುವ ಕಂಪ್ಯೂಟರ್ ಆಕ್ಸಿಜನ್ನಿನ ಗಡಿ ದಾಟಿದಾಗ ಕೂಗುವುದಿಲ್ಲ. ಗರಿಷ್ಠ ಆಳವನ್ನು ನೀವೇ ಕಣ್ಣಿಟ್ಟು ಕಾಯಬೇಕು. ಅದಕ್ಕಿಂತ ಕಂಪ್ಯೂಟರಿಗೆ ಸರಿಯಾದ ಅಂಕಿ ಹಾಕಿ, ಅದರ ಎಚ್ಚರಿಕೆಯ ಮಟ್ಟ ಏರಿಸುವುದು ವಾಸಿ.

"ನೈಟ್ರಾಕ್ಸ್ ಹಾಕಿದರೆ ಸುಸ್ತಾಗಲ್ಲ" ಅನ್ನುವ ಮಾತು? ಡೈವ್ ದೋಣಿಗಳಲ್ಲಿ ಇದನ್ನು ಆಣೆ ಮಾಡಿ ಹೇಳುವವರಿದ್ದಾರೆ. ಯಾವ ಗ್ಯಾಸ್ ಎಂದು ಹೇಳದೆ ಡೈವರ್‌ಗಳನ್ನು 18 ಮೀಟರಿನ ಒತ್ತಡದ ಕೋಣೆಯಲ್ಲಿ ಕೂರಿಸಿ, ಗಾಳಿ ಮತ್ತು 36 ಎರಡನ್ನೂ ಕೊಟ್ಟು ನೋಡಿದ ಪರೀಕ್ಷೆಯಲ್ಲಿ ಸುಸ್ತಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನನಗೂ ಹಗುರ ಅನ್ನಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ಗ್ಯಾಸೋ, ದೋಣಿಯಲ್ಲಿ ಕೊಟ್ಟ ಅನಾನಸೋ ಎಂದು ಹೇಳಲಾರೆ. ಸುಸ್ತಿನ ಕಾರಣಕ್ಕೆ ಕೋರ್ಸ್ ಮಾಡಬೇಡಿ.

ಜೊತೆಗಾರ, ಜೇಬು, ಮತ್ತು 32–36ರ ಜಗಳ

ಗುಂಪಿನಲ್ಲಿ ಆರು ಜನ ಗಾಳಿ, ನೀವೊಬ್ಬರು ನೈಟ್ರಾಕ್ಸ್ ಆದರೆ ಏನಾಗುತ್ತದೆ? ಅವರ ಸಮಯ ಮುಗಿದಾಗ ಗೈಡ್ ಹೆಬ್ಬೆರಳು ಎತ್ತುತ್ತಾನೆ, ನೀವೂ ಹೊರಡಬೇಕು. ಆಳದಲ್ಲಿ ಮಾತ್ರ ನಿಮ್ಮ ಮಿತಿ ಗುಂಪಿಗೆ ಅಡ್ಡ ಬರುತ್ತದೆ. ಅಂದರೆ ಕಡಿಮೆ ಸಮಯ ಅವರದ್ದು, ಕಡಿಮೆ ಆಳ ನಿಮ್ಮದು. ಗಂಡ ಹೆಂಡತಿ ಜೋಡಿಯಾಗಿ ಡೈವ್ ಮಾಡುವವರಾದರೆ ಇಬ್ಬರೂ ಮಾಡಿ, ಇಲ್ಲವೇ ಇಬ್ಬರೂ ಬಿಡಿ.

ದುಡ್ಡಿನ ಲೆಕ್ಕ ಸರಳ. ಕೋರ್ಸ್ ಒಂದೇ ದಿನದ್ದು, ಥಿಯರಿಯನ್ನು ಮನೆಯಲ್ಲೇ ಓದಬಹುದು, ಓಪನ್ ವಾಟರ್ ಆಗಿದ್ದರೆ ಸಾಕು. ಪ್ರತಿ ಸಿಲಿಂಡರಿಗೆ ಕೆಲವು ನೂರು ರೂಪಾಯಿ ಹೆಚ್ಚು ಕೇಳುವ ಅಂಗಡಿಗಳೇ ಜಾಸ್ತಿ. ಕೋರ್ಸಿಗೆ 12,000, ಸಿಲಿಂಡರಿಗೆ 500 ಅಂದುಕೊಳ್ಳಿ. ವರ್ಷಕ್ಕೊಮ್ಮೆ ನಾಲ್ಕು ಡೈವ್ ಮಾಡುವವರಿಗೆ ಮೊದಲ ವರ್ಷ ಒಂದೊಂದು ಡೈವಿಗೂ 3,500 ಹೆಚ್ಚುವರಿ ಬಿತ್ತು. ವರ್ಷಕ್ಕೆ ನಲವತ್ತು ಮಾಡುವವರಿಗೆ 800. ನಿಮ್ಮ ಅಂಗಡಿಯ ನಿಜವಾದ ರೇಟು ಹಾಕಿ ನೋಡಿಕೊಳ್ಳಿ. ಹೊಸ ಕಂಪ್ಯೂಟರ್ ಬೇಕಾಗುವುದು ಅಪರೂಪ. ಸುಂಟೊ ಝೂಪ್ ನೋವೋ, ಕ್ರೆಸಿ ಲಿಯೊನಾರ್ಡೊದಂಥ ಅಗ್ಗದ ಮಾದರಿಗಳೂ ನೈಟ್ರಾಕ್ಸ್ ಲೆಕ್ಕ ಹಾಕುತ್ತವೆ. 40 ಪಾಲಿನವರೆಗೆ ಮಾಮೂಲಿ ರೆಗ್ಯುಲೇಟರ್ ನಡೆಯುತ್ತದೆ ಅನ್ನುವುದು ರೂಢಿಯ ನಿಯಮ.

32 ಮತ್ತು 36ರಲ್ಲಿ ನನ್ನ ಓಟು 32ಕ್ಕೆ. 36 ಕೊಡುವ ಹೆಚ್ಚಿನ ಸಮಯವನ್ನು 20 ಮೀಟರಿನ ಆಸುಪಾಸಿನಲ್ಲಿ ಬಳಸುವಷ್ಟು ಗಾಳಿ ನಮ್ಮ ಸಿಲಿಂಡರಿನಲ್ಲಿ ಇರುವುದಿಲ್ಲ. ಬದಲಿಗೆ ಐದು ಮೀಟರ್ ಆಳ ಕಳೆದುಕೊಳ್ಳುತ್ತೀರಿ. ಅಮೆರಿಕದ ಸಾಗರ ಸಂಸ್ಥೆ ನೋವಾ 1970ರ ದಶಕದಲ್ಲಿ ತನ್ನ ವಿಜ್ಞಾನಿಗಳಿಗೆ ಮೊದಲ ಸ್ಟ್ಯಾಂಡರ್ಡ್ ಮಿಶ್ರಣ ಎಂದು ಆರಿಸಿಕೊಂಡದ್ದೂ 32ನ್ನೇ. ಅಲ್ಲಿ ಕೆಲಸ ಮಾಡಿದ್ದ ಡಿಕ್ ರಟ್ಕೋವ್‌ಸ್ಕಿ 1985ರಲ್ಲಿ ಇದನ್ನು ಸಾಮಾನ್ಯ ಡೈವರ್‌ಗಳಿಗೆ ಕಲಿಸಲು ಹೊರಟಾಗ ದೊಡ್ಡ ಗದ್ದಲವೇ ಆಯಿತು. ದೆವ್ವದ ಗ್ಯಾಸ್ ಎಂದೇ ಕರೆದರು. ಈಗ ಅದೇ ಗ್ಯಾಸನ್ನು ಅಡ್ವಾನ್ಸ್ಡ್ ಜೊತೆ ಪ್ಯಾಕೇಜಿನಲ್ಲಿ ಮಾರುತ್ತಿದ್ದಾರೆ.

ವಾಪಸ್ ಬರುವಾಗ

ನೈಟ್ರಾಕ್ಸ್ ಹಾಕಿದರೆ ಬೇಗ ವಿಮಾನ ಹತ್ತಬಹುದಾ? ಇಲ್ಲ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆಗಿದ್ದರೆ 18 ಗಂಟೆ ಕಾಯಿರಿ ಅನ್ನುವ ಸಲಹೆ ಎರಡಕ್ಕೂ ಒಂದೇ. ನಮ್ಮವರು ಮರೆಯುವುದು ಇನ್ನೊಂದು: ಈ ಸಲಹೆ ಅನ್ವಯಿಸುವುದು ಸುಮಾರು 600 ಮೀಟರ್ ಎತ್ತರದಿಂದಲೇ. ಬೆಂಗಳೂರು ಇರುವುದು 900 ಮೀಟರಿನಲ್ಲಿ. ಮುರುಡೇಶ್ವರದಲ್ಲಿ ಮಧ್ಯಾಹ್ನ ಎರಡನೇ ಡೈವ್ ಮುಗಿಸಿ, ಸಂಜೆಯೇ ಕಾರು ಹತ್ತಿ ಘಾಟಿ ಏರುವುದು ಅಂದರೆ ಅರ್ಧ ವಿಮಾನ ಹತ್ತಿದ ಹಾಗೇ. ಒಂದು ರಾತ್ರಿ ಅಲ್ಲೇ ಉಳಿಯಿರಿ, ಒಳ್ಳೆಯ ಮೀನೂಟ ಸಿಗುತ್ತದೆ.

ನೈಟ್ರಾಕ್ಸೇ ಬೇಕು ಎಂದು ತೀರ್ಮಾನಿಸಿದವರು ಬುಕ್ ಮಾಡುವ ಮೊದಲು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ: ಸಿಲಿಂಡರ್ ಅಳೆಯಲು ಅನಲೈಸರ್ ನನ್ನ ಕೈಗೆ ಕೊಡುತ್ತೀರಾ? "ಅದು ರಿಪೇರಿಗೆ ಹೋಗಿದೆ ಸಾರ್, ಆದ್ರೆ 32 ಕರೆಕ್ಟಾಗೇ ತುಂಬಿದ್ದೇವೆ" ಎಂಬ ಉತ್ತರ ಬಂದರೆ ಅವತ್ತಿಗೆ ಮಾಮೂಲಿ ಗಾಳಿಯ ಸಿಲಿಂಡರನ್ನೇ ಕೇಳಿ.